ತೆರವಾದ ಸೇನಾ ನೆಲದಲ್ಲಿ ಮನೆಗಳಿಗೂ ಜಾಗವಿರಲಿ



ಎರಡನೇ ಮಹಾಯುದ್ಧದ ಕಾಲದಲ್ಲಿ ಕುದುರೆಲಾಯ, ಬ್ಯಾರಕ್‌ಗಳ ಅಗತ್ಯಕ್ಕೆಂದು ಕಟ್ಟಿದ ತಗ್ಗು ಶೆಡ್‌ಗಳಲ್ಲೇ ದೆಹಲಿಯ ಅನೇಕ ರಕ್ಷಣಾ ಕಚೇರಿಗಳು ದಶಕಗಟ್ಟಲೆ ನಡೆದವು. 2021ರ ಸೆಪ್ಟೆಂಬರ್ 16ರಂದು ಕಸ್ತೂರ್ಬಾ ಗಾಂಧಿ ಮಾರ್ಗ ಹಾಗೂ ಆಫ್ರಿಕಾ ಅವೆನ್ಯೂದಲ್ಲಿ ಹೊಸ ಕಟ್ಟಡಗಳು ಉದ್ಘಾಟನೆಯಾಗಿ, 7,000ಕ್ಕೂ ಹೆಚ್ಚು ನೌಕರರಿಗೆ ಗಾಳಿ ಬೆಳಕಿನ ಕಚೇರಿ ಸಿಕ್ಕಿತು. 62 ಎಕರೆಯಲ್ಲಿ ಹರಡಿದ್ದ ಕೆಲಸ 13 ಎಕರೆಯಲ್ಲಿ ಹಿಡಿಸಿತು. ಇದು ನಿಜಕ್ಕೂ ಮೆಚ್ಚಬೇಕಾದ ಕೆಲಸ.

ಆದರೆ ತೆರವಾದ ನೆಲ ಸರ್ಕಾರಿ ಕಟ್ಟಡಗಳ ಮರುನಿರ್ಮಾಣದ ಸೆಂಟ್ರಲ್ ವಿಸ್ಟಾ ಯೋಜನೆಗೆ ಹೋಯಿತು. ಅಲ್ಲಿ ಬರುವುದೂ ಹೆಚ್ಚಾಗಿ ಕಚೇರಿಗಳೇ. ಸಂಜೆ ಬಾಗಿಲು ಹಾಕಿದರೆ ಆ ಬೀದಿಗಳಲ್ಲಿ ನರಪಿಳ್ಳೆಯೂ ಇರುವುದಿಲ್ಲ. ಅಲ್ಲಿ ದುಡಿಯುವ ಅನೇಕ ಗುಮಾಸ್ತರು, ಕಾವಲುಗಾರರು ಗಾಜಿಯಾಬಾದ್, ಫರೀದಾಬಾದ್‌ಗಳಿಂದ ಬಸ್ಸು, ಮೆಟ್ರೊ ಹಿಡಿದು ಬರುತ್ತಾರೆ.

ಇವರಿಗೆ ಹತ್ತಿರದಲ್ಲೇ ಮನೆ ಬೇಕು; ಆದರೆ ಮನೆ ಕಟ್ಟಿದರೆ ಮಾತ್ರ ಸಾಲದು, ಮರಗಳೂ ಉಳಿಯಬೇಕು ಎಂಬುದನ್ನೂ ದೆಹಲಿ ಕಂಡಿದೆ. ಸರೋಜಿನಿ ನಗರ, ನೌರೋಜಿ ನಗರ ಸೇರಿ ಏಳು ಸರ್ಕಾರಿ ಕಾಲೊನಿಗಳ ಮರುನಿರ್ಮಾಣಕ್ಕೆ ಸಾವಿರಾರು ಮರ ಕಡಿಯಲು ಹೊರಟಾಗ, 2018ರಲ್ಲಿ ಜನ ಮರಗಳನ್ನು ಅಪ್ಪಿಕೊಂಡು ನಿಂತರು. ಹೈಕೋರ್ಟ್ ಕೊಡಲಿಯನ್ನು ತಡೆಯಿತು. ಕಡಿದ ಮರದ ಬದಲಿಗೆ ನೆಟ್ಟ ಸಸಿ ಹಳೆಯ ಬೇವಿನಷ್ಟು ನೆರಳು ಕೊಡಲು ಒಂದು ತಲೆಮಾರು ಬೇಕು. ಮೇ ತಿಂಗಳ ಬಿಸಿಲಲ್ಲಿ ಇಲ್ಲಿ ನಡೆದವರಿಗೆ ಇದನ್ನು ಹೇಳಬೇಕಾಗಿಲ್ಲ.

ಮುಂದೆ ರಾಜಧಾನಿಯಲ್ಲಾಗಲಿ ನಮ್ಮ ಬೆಂಗಳೂರಿನಲ್ಲಾಗಲಿ ಸೇನೆಯ ಹಳೆಯ ನೆಲ ತೆರವಾದರೆ, ನಕ್ಷೆ ಬರೆಯುವ ಮುನ್ನ ಮರಗಳನ್ನು ಎಣಿಸಲಿ. ಕಚೇರಿಯ ಪಕ್ಕದಲ್ಲೇ ಕಡಿಮೆ ಸಂಬಳದವರಿಗೂ ಮನೆ, ಶಾಲೆ, ತರಕಾರಿ ಅಂಗಡಿ ಇರಲಿ. ಯೋಜನೆಯನ್ನು ಮೊದಲೇ ಜನರ ಮುಂದಿಡಬೇಕೆಂದು ಸಂಬಂಧಪಟ್ಟವರನ್ನು ಕೋರುತ್ತೇನೆ.

– ದೆಹಲಿ ಕನ್ನಡಿಗ, ರಾಮಕೃಷ್ಣಪುರಂ, ನವದೆಹಲಿ