ಕಷ್ಟದಲ್ಲಿ ನಮ್ಮ ಪಾಲು

ಆಟಿಸಂ ಇರುವ ಮಗುವನ್ನು ಸಾಕುವುದು ಕಷ್ಟ ಎಂದು ಎಲ್ಲರೂ ಹೇಳುತ್ತಾರೆ. ಆ ಕಷ್ಟದಲ್ಲಿ ದೊಡ್ಡ ಪಾಲು ನೆಂಟರು, ನೆರೆಹೊರೆಯವರು ಸೇರಿಸಿದ್ದು ಎಂಬುದು ನನ್ನ ಅಭಿಪ್ರಾಯ.

ಮನೆಯೊಳಗಿನ ಕೆಲಸವೇ ಕಡಿಮೆಯಿಲ್ಲ. ಮಗು ರಾತ್ರಿ ಮಲಗದಿದ್ದರೆ ಯಾರಿಗೂ ನಿದ್ದೆಯಿಲ್ಲ. ಮಾತು ಬಾರದ ಮಗು ಅತ್ತರೆ ಹಸಿವೋ, ಹೊಟ್ಟೆನೋವೋ ಎಂದು ಊಹಿಸಬೇಕು. ಸ್ಪೀಚ್ ಥೆರಪಿಗೆ ಮಗುವನ್ನು ಎತ್ತಿಕೊಂಡು ಪೇಟೆಗೆ ಬಸ್ಸು ಹತ್ತಬೇಕು. ತಂದೆ ಗಲ್ಫ್‌ನಲ್ಲಿದ್ದರೆ ಇದೆಲ್ಲ ತಾಯಿಯೊಬ್ಬಳ ತಲೆಯ ಮೇಲೆ.

ಇದರ ಮೇಲೆ ಜನರ ಮಾತು. ನಮ್ಮ ಬೀದಿಯ ಐದು ವರ್ಷದ ಹುಡುಗನೊಬ್ಬ ಮದುವೆ ಹಾಲ್‌ನಲ್ಲಿ ಮೈಕ್‌ನ ಸದ್ದಿಗೆ ಕಿವಿ ಮುಚ್ಚಿಕೊಂಡು ಕಿರುಚಿದ. "ಮೊಬೈಲ್ ಕೊಟ್ಟು ಹಾಳು ಮಾಡಿದ್ದೀರಿ" ಎಂದರು ಒಬ್ಬರು. "ಯಾರದೋ ದೃಷ್ಟಿ ತಾಗಿದೆ" ಎಂದರು ಇನ್ನೊಬ್ಬರು. ಮೈಕ್‌ನ ಸದ್ದು ಕಡಿಮೆ ಮಾಡಲು ಯಾರೂ ಹೇಳಲಿಲ್ಲ. ಆ ತಾಯಿ ಈಗ ಯಾವ ಮದುವೆಗೂ ಬರುವುದಿಲ್ಲ.

ತಾಯಿಯನ್ನು ದೂರುವುದು ಹಳೆಯ ಚಾಳಿ. ಓದಿದವರೂ ಅದನ್ನೇ ಮಾಡಿದ್ದಾರೆ. ಲಿಯೋ ಕ್ಯಾನರ್ 1943ರಲ್ಲಿ ಆಟಿಸಂ ಬಗ್ಗೆ ಬರೆದ ನಂತರ, ಪ್ರೀತಿ ತೋರದ 'ರೆಫ್ರಿಜರೇಟರ್ ತಾಯಂದಿರು' ಇದಕ್ಕೆ ಕಾರಣ ಎಂಬ ವಾದ ಅಮೆರಿಕದಲ್ಲಿ ವರ್ಷಗಟ್ಟಲೆ ನಡೆಯಿತು. ಸ್ವತಃ ಆಟಿಸಂ ಇರುವ ಮಗನ ತಂದೆಯಾಗಿದ್ದ ಮನಶ್ಶಾಸ್ತ್ರಜ್ಞ ಬರ್ನಾರ್ಡ್ ರಿಮ್ಲ್ಯಾಂಡ್ 1964ರಲ್ಲಿ ಪುಸ್ತಕ ಬರೆದು ಅದನ್ನು ಅಲ್ಲಗಳೆದರು. ಆಟಿಸಂ ಮೆದುಳಿನ ಬೆಳವಣಿಗೆಗೆ ಸಂಬಂಧಿಸಿದ್ದು. ವೈದ್ಯರು ಬಿಟ್ಟ ಮಾತನ್ನು ನಮ್ಮ ಜಗಲಿಗಳು ಇನ್ನೂ ಬಿಟ್ಟಿಲ್ಲ!

ಅಂಥ ಮನೆಗೆ ಸಲಹೆ ಬೇಡ, ಕೈ ಬೇಕು. ಸಂಜೆ ಒಂದು ಗಂಟೆ ಮಗುವಿನ ಜೊತೆ ಕೂತರೆ ಆ ತಾಯಿ ಮಲಗಿಯಾಳು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ ಆಟಿಸಂ ಸೇರಿದೆ. ಯುಡಿಐಡಿ ಕಾರ್ಡ್‌ಗೆ ಆನ್‌ಲೈನ್ ಅರ್ಜಿ ಹಾಕಬಹುದು; ನಿರಾಮಯ ಎಂಬ ಆರೋಗ್ಯ ವಿಮೆಯಲ್ಲಿ 1 ಲಕ್ಷ ರೂಪಾಯಿವರೆಗೆ ನೆರವಿದೆ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ತಪಾಸಣೆ, ಥೆರಪಿ ಸಿಗುತ್ತದೆ. ಸ್ಕಾಲರ್‌ಶಿಪ್ ಅರ್ಜಿ ತುಂಬಿ ಪಳಗಿದ ನಮಗೆ ಈ ಅರ್ಜಿಗಳೇನು ಮಹಾ?

ಇಂಥ ಮಗುವಿನ ಅಣ್ಣನೋ ಅಕ್ಕನೋ ನಮ್ಮ ತರಗತಿಯಲ್ಲೇ ಇರಬಹುದು. ಅವರು ಮನೆಯ ವಿಷಯ ಹೇಳಿಕೊಳ್ಳುವುದಿಲ್ಲ, ಗೆಳೆಯರನ್ನು ಮನೆಗೆ ಕರೆಯುವುದೂ ಇಲ್ಲ. ಉಪನ್ಯಾಸಕರಲ್ಲಿ ಒಂದು ವಿನಂತಿ: ಯಾರಾದರೂ ಪದೇ ಪದೇ ತಡವಾಗಿ ಬಂದರೆ, ಅಸೈನ್‌ಮೆಂಟ್ ತರದಿದ್ದರೆ, ಕಾರಣವನ್ನು ಎಲ್ಲರೆದುರು ಕೇಳಬೇಡಿ. ಸ್ಟಾಫ್ ರೂಮಿಗೆ ಕರೆದು ಕೇಳಿ.