ಹೊರಡುವ ಮುನ್ನ ಮನೆಯಲ್ಲಿ ಆಡಬೇಕಾದ ಮಾತು

ಮುದ್ದೇಬಿಹಾಳ, ಸಿಂದಗಿ, ಇಂಡಿ, ಬಸವನ ಬಾಗೇವಾಡಿ ಕಡೆಯ ಜನರಿಗೆ ಊರು ಬಿಟ್ಟು ಹೋಗುವುದು ಹೊಸದಲ್ಲ. ಮಳೆ ಕೈಕೊಟ್ಟ ವರ್ಷ ಗಂಟುಮೂಟೆ ಕಟ್ಟಿಕೊಂಡು ಗೋವೆಗೆ ದುಡಿಯಲು ಹೋದವರನ್ನು ಈ ಭಾಗ ಬಲ್ಲದು. ಕೃಷ್ಣೆಯ ಜಲಾಶಯಗಳಲ್ಲಿ ಹೊಲಮನೆ ಮುಳುಗಿ ಬೇರೆಡೆ ಬದುಕು ಕಟ್ಟಿಕೊಂಡವರನ್ನೂ ಬಲ್ಲದು. ಇಂಥ ನೆಲದ ತರುಣನೋ ತರುಣಿಯೋ ಸ್ವಯಂಸೇವಕರ ತರಬೇತಿ ಮುಗಿಸಿ ಪರದೇಶದ ಸೇವೆಗೆ ಹೊರಟು ನಿಂತರೆ, ನೆರೆಹೊರೆಯವರ ಮೊದಲ ಪ್ರಶ್ನೆ ಒಂದೇ ಆಗಿರುತ್ತದೆ: "ತಿಂಗಳಿಗೆ ಪಗಾರ ಎಷ್ಟು ಕೊಡ್ತಾರ?" ಈ ಪ್ರಶ್ನೆಯನ್ನು ನಾವು ಹಗುರವಾಗಿ ಕಾಣಲಾರೆವು. ಅದು ದುರಾಸೆಯ ಪ್ರಶ್ನೆಯಲ್ಲ, ಬಡತನವನ್ನು ಉಂಡವರ ಪ್ರಶ್ನೆ.

ಉತ್ತರವನ್ನೂ ಅಷ್ಟೇ ನೇರವಾಗಿ ಹೇಳಬೇಕಾಗುತ್ತದೆ. ಸ್ವಯಂಸೇವೆಗೆ ಪಗಾರವಿಲ್ಲ. 1970ರಲ್ಲಿ ವಿಶ್ವಸಂಸ್ಥೆಯ ಮಹಾಸಭೆ ಸ್ಥಾಪಿಸಿದ ಸ್ವಯಂಸೇವಕ ಯೋಜನೆಯಲ್ಲಿಯೂ ದೊರೆಯುವುದು ಜೀವನ ಭತ್ಯೆಯೇ ಹೊರತು ಸಂಬಳವಲ್ಲ. ಧರ್ಮಸಭೆಯ ಸೇವಾಸಂಸ್ಥೆಗಳ ಮೂಲಕ ಹೋಗುವವರಿಗೆ ಸಾಮಾನ್ಯವಾಗಿ ಊಟ, ವಸತಿ, ಸ್ವಲ್ಪ ಕೈಖರ್ಚು, ಇಷ್ಟೇ.

ತರಬೇತಿಯಲ್ಲಿ ಅನೇಕ ವಿಷಯಗಳನ್ನು ಕಲಿಸಲಾಗುತ್ತದೆ. ಹೋಗುವ ನಾಡಿನ ಭಾಷೆ, ಆಚಾರ, ಆರೋಗ್ಯರಕ್ಷಣೆ, ಕಾಗದಪತ್ರಗಳ ವ್ಯವಸ್ಥೆ ಎಲ್ಲವೂ ಅದರಲ್ಲಿ ಸೇರಿವೆ. ಆಫ್ರಿಕದ ಅನೇಕ ದೇಶಗಳಿಗೆ ಹೋಗುವವರು ಹಳದಿ ಜ್ವರದ ಲಸಿಕೆಯನ್ನು ಪ್ರಯಾಣಕ್ಕೆ ಕನಿಷ್ಠ 10 ದಿನ ಮೊದಲೇ ಹಾಕಿಸಿಕೊಳ್ಳಬೇಕೆಂಬುದನ್ನೂ ಅಲ್ಲಿ ತಿಳಿಸುತ್ತಾರೆ. ಆದರೆ ತಂದೆತಾಯಿಯನ್ನು ಕೂರಿಸಿಕೊಂಡು, "ನಾನು ಗಳಿಸಲು ಹೋಗುತ್ತಿಲ್ಲ, ಎರಡು ವರ್ಷ ನನ್ನಿಂದ ಮನೆಗೆ ಹಣ ಬಾರದು" ಎಂದು ಹೇಳುವ ಪಾಠವನ್ನು ಯಾವ ತರಬೇತಿಯೂ ಕಲಿಸಲಾರದು. ಈ ಮಾತನ್ನು ಆಡದೆ ಹೊರಟವರ ಮನಸ್ಸು ಅಲ್ಲಿಯೂ ನಿಲ್ಲದು, ಇಲ್ಲಿಯೂ ನಿಲ್ಲದು. ಸಾಲದ ಕಂತು, ತಂಗಿಯ ಮದುವೆ, ತಂದೆಯ ಔಷಧೋಪಚಾರ ಎಂದು ಮನೆಯಿಂದ ಕರೆ ಬಂದಾಗ ಅವರ ಸೇವೆಯೂ ಸೊರಗುತ್ತದೆ, ಮನೆಯವರ ವಿಶ್ವಾಸವೂ ಮುರಿಯುತ್ತದೆ.

ಹಾಗಾದರೆ ಬಡವರ ಮಕ್ಕಳು ಹೋಗಲೇಬಾರದೆ? ಇಲ್ಲಿ ನಮಗೆ ಸಂತ ಜೋಸೆಫ್ ವಾಜ್ ನೆನಪಾಗುತ್ತಾರೆ. 1651ರಲ್ಲಿ ಗೋವೆಯ ಬೆಣಾಲಿಮ್‌ನಲ್ಲಿ ಜನಿಸಿದ ಈ ಗುರುಗಳು ಸಿಂಹಳಕ್ಕೆ ಹೋಗಬಯಸಿದ್ದರು. ಡಚ್ಚರ ಆಳ್ವಿಕೆಯಲ್ಲಿ ಅಲ್ಲಿನ ಕಥೋಲಿಕರು ಗುರುಗಳಿಲ್ಲದೆ ಪರಿತಪಿಸುತ್ತಿದ್ದರು. ಆದರೆ 1681ರಲ್ಲಿ ಮೇಲಿನವರು ಅವರನ್ನು ಕಳುಹಿಸಿದ್ದು ನಮ್ಮ ಕೆನರಾ ಪ್ರಾಂತ್ಯಕ್ಕೆ. ಅವರು ಗೊಣಗದೆ ಮಂಗಳೂರು ಸೀಮೆಯಲ್ಲಿ ಮೂರು ವರ್ಷ ದುಡಿದರು. 1687ರಲ್ಲಿ ಜಾಫ್ನಾ ತಲುಪಿದಾಗ ಗುರುವಸ್ತ್ರವನ್ನು ಕಳಚಿ ಕೂಲಿಯವನ ವೇಷ ತೊಟ್ಟಿದ್ದರು. ತಮಿಳನ್ನೂ ಸಿಂಹಳವನ್ನೂ ಕಲಿತರು. ಕ್ಯಾಂಡಿಯಲ್ಲಿ ಗೂಢಚಾರನೆಂಬ ಶಂಕೆಯಿಂದ ಸೆರೆಯಾದರು. 1697ರಲ್ಲಿ ಸಿಡುಬು ಹಬ್ಬಿದಾಗ ಮತಭೇದವೆಣಿಸದೆ ರೋಗಿಗಳ ಶುಶ್ರೂಷೆ ಮಾಡಿದರು. 1711ರ ಜನವರಿ 16ರಂದು ಕ್ಯಾಂಡಿಯಲ್ಲಿಯೇ ಕಣ್ಮುಚ್ಚಿದರು. 2015ರ ಜನವರಿ 14ರಂದು ಕೊಲಂಬೊದಲ್ಲಿ ಪೋಪ್ ಫ್ರಾನ್ಸಿಸ್ ಅವರಿಗೆ ಸಂತ ಪದವಿ ನೀಡಿದರು.

ಕೆನರಾದಲ್ಲಿ ಕಳೆದ ಆ ಮೂರು ವರ್ಷಗಳು ವ್ಯರ್ಥವಾದುವೆಂದು ಯಾರು ಹೇಳಬಲ್ಲರು? ಮನೆಗೆ ತಾನೊಬ್ಬನೇ ಆಸರೆಯಾಗಿರುವ ಯುವಕನು ತಮ್ಮನ ಓದು ಮುಗಿಯುವವರೆಗೆ ಕಾದರೆ, ಅಲ್ಲಿಯವರೆಗೆ ತನ್ನ ಊರಿನ ಮಕ್ಕಳಿಗೇ ಅಕ್ಷರ ಕಲಿಸಿದರೆ, ಅದು ಸೇವೆಯಿಂದ ಹಿಂದೆ ಸರಿದಂತಲ್ಲ. ಕಾಯುವುದೂ ತರಬೇತಿಯ ಒಂದು ಭಾಗವೇ.

ಹೋಗುವವರು ಇನ್ನೊಂದನ್ನು ನೆನಪಿಡಬೇಕು. ನಮ್ಮ ನಾಡೂ ಇಂಥವರನ್ನು ಬರಮಾಡಿಕೊಂಡಿದೆ. 1961ರಿಂದ 1976ರವರೆಗೆ ಅಮೆರಿಕದ ಪೀಸ್ ಕೋರ್ ಸ್ವಯಂಸೇವಕರು ಭಾರತದಲ್ಲಿ ದುಡಿದರು. ಅಂದಿನ ಮೈಸೂರು ರಾಜ್ಯಕ್ಕೆ ಬರುವವರಿಗೆ ತರಬೇತಿಯಲ್ಲಿ ಕನ್ನಡ ಕಲಿಸಲಾಗುತ್ತಿತ್ತು. ಪರದೇಶದವನೊಬ್ಬನು "ಆರಾಮ ಅದೀರೇನ್ರಿ?" ಎಂದು ಕೇಳಿದರೆ ನಮ್ಮ ಹಿರಿಯರು ಅವನಿಗೆ ಜೋಳದ ರೊಟ್ಟಿ ಕೊಡದೆ ಕಳುಹಿಸಿಯಾರೇ? ಎಲ್ಲವನ್ನೂ ತಿಳಿದವನಂತೆ ಬಂದವನಿಗಿಂತ ಕಲಿಯಲು ಬಂದವನೇ ನಮಗೆ ಹತ್ತಿರದವನಾಗುತ್ತಾನೆ. ನಮ್ಮವರು ಹೋಗುವ ಊರಿನಲ್ಲಿಯೂ ಈ ಮಾತು ಸಲ್ಲುತ್ತದೆ.

ಸೇವೆಯ ಹೆಸರಿನಲ್ಲಿ ಮುಂಗಡ ಹಣ ಕೇಳುವ ದಲ್ಲಾಳಿಗಳ ವಿಷಯದಲ್ಲಿ ಎಚ್ಚರವಿರಲಿ. ಪ್ರಯಾಣದ ಖರ್ಚು, ವಿಮೆ, ಕಾಯಿಲೆ ಬಿದ್ದರೆ ಮರಳಿ ಕರೆತರುವ ಹೊಣೆ ಯಾರದೆಂಬುದನ್ನು ಬರಹದಲ್ಲಿ ಪಡೆಯದೆ ಯಾರೂ ಸಹಿ ಹಾಕಬಾರದು.

ಕೊನೆಯದಾಗಿ, ನಮ್ಮ ಧರ್ಮಕೇಂದ್ರಗಳ ಹೊಣೆ. ಬಲಿಪೂಜೆಯಲ್ಲಿ ಆಶೀರ್ವದಿಸಿ, ಹಾರ ಹಾಕಿ, ಬಸ್ಸು ಹತ್ತಿಸಿದರೆ ನಮ್ಮ ಕರ್ತವ್ಯ ಮುಗಿಯಲಿಲ್ಲ. ಮಗ ಅಥವಾ ಮಗಳು ದೂರವಿರುವಾಗ ಆ ಮನೆಯ ತಂದೆಯನ್ನು ಆಸ್ಪತ್ರೆಗೆ ಕರೆದೊಯ್ಯುವವರು ಯಾರು? ಹೊಲದ ರಾಶಿಗೆ ಕೈಜೋಡಿಸುವವರು ಯಾರು? ಹೋಗುವವರು ತಮ್ಮ ಎರಡು ವರ್ಷಗಳನ್ನು ನೀಡುತ್ತಾರೆ. ಹಿಂದೆ ಉಳಿದ ನಾವು ಅವರ ಮನೆಯ ಭಾರದಲ್ಲಿ ಒಂದು ಪಾಲನ್ನಾದರೂ ಹೊರಬೇಕು. ಆಗ ಮಾತ್ರ ಅವರನ್ನು ಕಳುಹಿಸಿದವರು ನಾವು ಎಂದು ಹೇಳಿಕೊಳ್ಳುವ ಅಧಿಕಾರ ನಮಗೆ ಬರುತ್ತದೆ.