ಕಂಪೈಲರ್ ಬುತ್ತಿ ನಾವೇ ಕಟ್ಟೋಣ

1/6
ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರಿನಿಂದ ಬಸ್ ಹತ್ತಿ ಕಾಲೇಜಿಗೆ ಬರೋ ದೋಸ್ತರೇ, ಒಂದು ಮಾತು ಕೇಳ್ತೀನಿ, ಬೇಜಾರಾಗಬ್ಯಾಡ್ರಿ. ನೀವು ಬರೆದ ಸಿ ಪ್ರೋಗ್ರಾಮ್ ಓಡಬೇಕಂದ್ರ ಯಾರ ಅಪ್ಪಣೆ ಬೇಕು? ಲ್ಯಾಬಿನ ಬೀಗ ತೆಗೀಬೇಕು, ಅಡ್ಮಿನ್ ಪಾಸ್‌ವರ್ಡ್ ಕೊಡಬೇಕು, ಇಲ್ಲಾ ಮೊಬೈಲ್ ಡೇಟಾ ಉಳಿದಿರಬೇಕು. ಇಲ್ಲಂದ್ರ ಅವತ್ತಿನ ಕಲಿಕೆ ಬಂದ್. ಇದನ್ನ ಸಹಜ ಅಂದ್ಕೊಂಡು ಸುಮ್ಮನಿದ್ದೀವಲ್ಲ, ಅದೇ ನನ್ನ ತಕರಾರು.

2/6
ಟರ್ಬೋ ಸಿ ಬಂದದ್ದು 1987ರಲ್ಲಿ. ಜಿಸಿಸಿಯೂ 1987ರದ್ದೇ. ಮೊದಲನೆಯದು ಡಾಸ್ ಕಾಲದಲ್ಲೇ ನಿಂತಿತು. ಎರಡನೆಯದರ ಸೋರ್ಸ್ ಎಲ್ಲರಿಗೂ ತೆರೆದಿತ್ತು, ಇವತ್ತಿಗೂ ಬೆಳೀತಿದೆ. ಆದರೂ ಎಷ್ಟೋ ಮಂದಿ ಇನ್ನೂ ಆ ನೀಲಿ ಪರದೆಯಲ್ಲೇ 'ವಾಯ್ಡ್ ಮೇನ್' ಬರೀತಾರ. ಅಲ್ಲಿ ಇಂಟ್ ಅಂದ್ರ 2 ಬೈಟ್, 32,767 ದಾಟಿದರೆ ಲೆಕ್ಕ ಅಡ್ಡಾದಿಡ್ಡಿ. ಇದನ್ನ ಕಲಿತು ಸಂದರ್ಶನಕ್ಕೆ ಹೋಗೋದಾ?

3/6
'ಆಪ್ಟ್ ಇನ್‌ಸ್ಟಾಲ್ ಒಂದೇ ಸಾಲು, ಇಷ್ಟ್ಯಾಕ ಒದ್ದಾಟ?' ಅಂತೀರಿ. ಆ ಒಂದು ಸಾಲಿಗೆ ಪಾಸ್‌ವರ್ಡೂ ಬೇಕು, ನೆಟ್ಟೂ ಬೇಕು. ಸರಿ, ನಿಮ್ಮ ಲ್ಯಾಪ್‌ಟಾಪಿನ ಜಿಸಿಸಿಯನ್ನೇ ಕಾಪಿ ಮಾಡಿ ಒಯ್ದರೆ? ಉಬುಂಟು 22.04ರದ್ದನ್ನು 20.04ರಲ್ಲಿ ಓಡಿಸಿ ನೋಡ್ರಿ: ಜಿಲಿಬ್‌ಸಿ 2.34 ಸಿಗಲಿಲ್ಲ ಅಂತ ಅಲ್ಲೇ ನಿಲ್ಲುತ್ತದೆ.

4/6
ಅದಕ್ಕೇ ಬುತ್ತಿ ಬೇಕು. ರೊಟ್ಟಿ, ಪಲ್ಯ, ಚಟ್ನಿ ಎಲ್ಲಾ ಒಂದೇ ಗಂಟಿನಲ್ಲಿ. ನಮ್ಮ ಗಂಟಿನಲ್ಲಿ ಅಸೆಂಬ್ಲರ್, ಲಿಂಕರ್ ಇರುವ ಬಿನ್‌ಯುಟಿಲ್ಸ್, ಜಿಸಿಸಿ, ಅದು ಕೇಳುವ ಜಿಎಂಪಿ, ಎಂಪಿಎಫ್‌ಆರ್, ಎಂಪಿಸಿ, ಮತ್ತೆ ಮಸಲ್ ಅನ್ನೋ ಪುಟ್ಟ ಸಿ ಲೈಬ್ರರಿ. ಎಲ್ಲಾ ಸೋರ್ಸಿನಿಂದಲೇ.
ನಿಯಮ ಎರಡೇ. ಒಂದು, ಸಿಸ್‌ರೂಟ್ ಅದೇ ಫೋಲ್ಡರಿನ ಒಳಗಿರಬೇಕು. ಆಗ ಫೋಲ್ಡರ್ ಎಲ್ಲಿಗೆ ಹೋದರೂ ಜಿಸಿಸಿ ತಾನಿದ್ದ ಜಾಗದಿಂದಲೇ ಹೆಡರ್, ಲೈಬ್ರರಿ ಹುಡುಕಿಕೊಳ್ಳುತ್ತದೆ. ಎರಡು, ಕಂಪೈಲರನ್ನೇ ಸ್ಟ್ಯಾಟಿಕ್ ಆಗಿ ಲಿಂಕ್ ಮಾಡಬೇಕು. ಆಗ ಲ್ಯಾಬಿನ ಹಳೇ ಲೈಬ್ರರಿಯ ಹಂಗಿಲ್ಲ. ಮಸಲ್ ಬರೆದ ರಿಚ್ ಫೆಲ್ಕರ್ ಅವರ 'ಮಸಲ್-ಕ್ರಾಸ್-ಮೇಕ್' ಈ ಹಂತಗಳನ್ನೆಲ್ಲ ಕ್ರಮವಾಗಿ ಮಾಡಿಕೊಡುತ್ತದೆ.

5/6
4 ಜಿಬಿ ರ‍್ಯಾಮ್ ಇದ್ದರೆ ಮೇಕ್‌ಗೆ ಒಮ್ಮೆಗೆ 2 ಕೆಲಸಕ್ಕಿಂತ ಹೆಚ್ಚು ಕೊಡಬ್ಯಾಡ್ರಿ. ತಾಸುಗಟ್ಟಲೆ ಹಿಡೀತದ, ರಾತ್ರಿ ಹಚ್ಚಿ ಮಲಗ್ರಿ. ಪೆನ್‌ಡ್ರೈವಿಗೆ ಟಾರ್ ಫೈಲ್ ಆಗಿಯೇ ಹಾಕ್ರಿ, ಯಾಕಂದ್ರ ಫ್ಯಾಟ್32ರಲ್ಲಿ ಸಿಮ್‌ಲಿಂಕ್ ಉಳಿಯೋದಿಲ್ಲ. ಲ್ಯಾಬಿನ ಲಿನಕ್ಸ್‌ನಲ್ಲಿ ನಿಮ್ಮ ಹೋಮ್ ಫೋಲ್ಡರಿಗೆ ಬಿಚ್ಚಿದರೆ ಸಾಕು, ಇನ್‌ಸ್ಟಾಲ್ ಮಾಡೋದೇ ಬೇಡ.

6/6
'ಇವೆಲ್ಲ ಬೆಂಗಳೂರಿನವರ ಕೆಲಸ' ಅನ್ನೋರಿಗೆ ಒಂದೇ ಉತ್ತರ: ಸೋರ್ಸ್ ಕೋಡ್ ನಿಮ್ಮ ಪಿನ್‌ಕೋಡ್ ಕೇಳೋದಿಲ್ಲ. ಇದೇ ಕ್ರಮದಲ್ಲಿ ಟಾರ್ಗೆಟ್ ಬದಲಿಸಿದರೆ ರಿಸ್ಕ್-ವಿ ಕಂಪೈಲರ್ ಸಿದ್ಧ. ಮದ್ರಾಸ್ ಐಐಟಿಯ 'ಶಕ್ತಿ' ಪ್ರೊಸೆಸರ್ ಕೂಡ ರಿಸ್ಕ್-ವಿ ಜಾತಿಯದ್ದೇ. ಔಟ್‌ಪುಟ್ ಬಂತು, ರೆಕಾರ್ಡ್ ಬುಕ್ ತುಂಬಿತು ಅಂತ ಕೂತವರಿಗೆ ಆ ಬಾಗಿಲು ತೆರೆಯೋದಿಲ್ಲ.
ತಾಲ್ಲೂಕಿಗೊಬ್ಬರು ಮುಂದೆ ಬರ್ರಿ. ಒಬ್ಬರು ಕಟ್ಟಿ, ಉಳಿದ ಮೂವರು ತಮ್ಮ ತಮ್ಮ ಮಷಿನ್ನಿನಲ್ಲಿ ಬಿಚ್ಚಿ ಪರೀಕ್ಷೆ ಮಾಡ್ರಿ. ಎಲ್ಲಿ ಎರರ್ ಬಂತು ಅಂತ ಕಮೆಂಟಿನಲ್ಲಿ ಬರೀರಿ, ಕೂಡಿ ಬಿಡಿಸೋಣ.

#ಕಂಪೈಲರ್‌ಬುತ್ತಿ #ಹಾವೇರಿಹುಡುಗರು #ಹಾವೇರಿಹುಡುಗಿಯರು #ಕನ್ನಡದಲ್ಲಿಕೋಡಿಂಗ್